ಕೊಕ್ಕೆಗೊಂದು ಪದ್ಯ

ಕ್ರೇನಿನ ಕ್ಯಾಬಿನ್ನಿಗೆ ತೊಂಬತ್ತಾರು ಮೆಟ್ಟಿಲು. ಭಾವ ಅವನ್ನು ಎಣಿಸಿಕೊಂಡು ಹತ್ತುತ್ತಿರಲಿಲ್ಲ, ಪದ್ಯ ಹೇಳಿಕೊಂಡು ಹತ್ತುತ್ತಿದ್ದ. ಚಿಕ್ಕಂದಿನಲ್ಲಿ ಅಜ್ಜನ ಮಗ್ಗುಲಲ್ಲಿ ಕೂತು ಕೇಳಿ ಕೇಳಿ ಕಿವಿಯಲ್ಲೇ ಉಳಿದುಬಿಟ್ಟ ಪದ್ಯಗಳು. ಮೊದಲ ಮೆಟ್ಟಿಲಿಗೆ ಎತ್ತಿಕೊಂಡದ್ದು ಕೊನೆಯ ಮೆಟ್ಟಿಲಿಗೆ ಮುಗಿಯಬೇಕು, ಆಮೇಲೆ ಕಣ್ಣು ಮುಚ್ಚಿ ದೇವರಿಗೊಂದು ನಮಸ್ಕಾರ, ಆಮೇಲೆ ಕೀಲಿ. ಇಪ್ಪತ್ತೆರಡು ವರ್ಷದಿಂದ ಇದೇ ಕ್ರಮ.

ಯಾರ್ಡಿನಲ್ಲಿ ಅವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವನು ಭಾವನಾಗಿದ್ದದ್ದು ಒಬ್ಬನಿಗೆ ಮಾತ್ರ: ಕೆಳಗೆ ನಿಂತು ಅವನಿಗೆ ಸಿಗ್ನಲ್ ಕೊಡುವ ಭಾಮೈದನಿಗೆ, ಹೆಂಡತಿಯ ತಮ್ಮನಿಗೆ. ಆದರೆ ಆ ಭಾಮೈದ ರೇಡಿಯೋ ಸೆಟ್ಟಿನಲ್ಲಿ ದಿನಕ್ಕೆ ನೂರು ಸಲ ‘ಭಾವಾ’ ಎಂದು ಕೂಗುವುದು ಎಲ್ಲರ ಸೆಟ್ಟಿನಲ್ಲೂ ಕೇಳುತ್ತಿತ್ತಲ್ಲ, ವೆಲ್ಡಿಂಗಿನವರಿಂದ ಹಿಡಿದು ಗೇಟಿನವನ ತನಕ ಎಲ್ಲರಿಗೂ ಅದೇ ಬಾಯಿಗೆ ಬಂತು.

“ಇಷ್ಟು ಜನರ ಅಕ್ಕಂದಿರನ್ನ ನಾನು ಯಾವಾಗ ಮದುವೆಯಾದೆನೋ, ನನಗೇ ನೆನಪಿಲ್ಲ” ಎಂದು ಭಾವ ನಗುತ್ತಿದ್ದ.

ದುರಸ್ತಿಗೆ ಬಂದ ದೋಣಿಗಳ ಹೊಟ್ಟೆಗೆ ಪಂಪು, ಶಾಫ್ಟು, ಇಂಜಿನ್ನು ಇಳಿಸುವುದು ಅವರಿಬ್ಬರ ಕೆಲಸ. ಹೊರೆ ದೋಣಿಯ ಮೇಲಿನ ಕಿಂಡಿಯನ್ನು ದಾಟಿ ಒಳಗೆ ಹೋಯಿತೆಂದರೆ ಭಾವನಿಗೆ ಹಗ್ಗ ಬಿಟ್ಟು ಬೇರೇನೂ ಕಾಣದು. ಅಲ್ಲಿಂದ ಮುಂದೆ ಭಾಮೈದನ ದನಿಯೇ ಅವನ ಕಣ್ಣು. ಎಲ್ಲ ಕ್ರೇನಿನವರಿಗೂ ಇರುವ ನೇಮವೇ ಇವರಿಗೂ: ದನಿ ಬರುವ ತನಕ ಕೊಕ್ಕೆ ಇಳಿಯಬೇಕು, ದನಿ ನಿಂತ ಗಳಿಗೆಗೆ ಕೊಕ್ಕೆ ನಿಲ್ಲಬೇಕು. ಯಾಕೆ ನಿಂತಿತು ಎಂದು ಯೋಚಿಸುವುದು ಆಮೇಲೆ.

ಬೇರೆಯವರು ‘ಇಳಿಸು ಇಳಿಸು ಇಳಿಸು’ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರೆ ಭಾಮೈದ ಹಾಗೆ ಮಾಡುತ್ತಿರಲಿಲ್ಲ. ತುಟಿ ಮುಚ್ಚಿ ‘ಊಂ…’ ಎಂದು ಒಂದೇ ಎಳೆ ಎಳೆಯುತ್ತಿದ್ದ. ಶ್ರುತಿ ಏರಿದರೆ ಬೇಗ, ತಗ್ಗಿದರೆ ನಿಧಾನ. ಕೊನೆಯ ಎರಡು ಬೆರಳು ಉಳಿದಾಗ ಅದು ಬಾವಿಗೆ ಬಿಟ್ಟ ಕೊಡದ ಹಾಗೆ ತಣ್ಣಗೆ ಕೆಳಕ್ಕಿಳಿದು, ನೀರು ಮುಟ್ಟಿದಂತೆ ನಿಲ್ಲುತ್ತಿತ್ತು. ಬಾಯಿ ಆಡಿಸುವ ಗೋಜಿಲ್ಲದ್ದರಿಂದ ಅವನು ಇಂಜಿನ್ನಿಗೂ ಗೋಡೆಗೂ ನಡುವೆ ಕೆನ್ನೆ ಒತ್ತಿ ಇಣುಕಬಹುದಿತ್ತು. ಇತ್ತ ಭಾವನ ಕೈ ಆ ಎಳೆಗೇ ಕಟ್ಟಿದ ಹಾಗೆ ಸನ್ನೆಗೋಲನ್ನು ತಳ್ಳುತ್ತಿತ್ತು. ಹಳೆಯ ಸೆಟ್ಟುಗಳು ಇಟ್ಟಿಗೆಯಷ್ಟು ಭಾರ. ಬಾಣಲೆಯಲ್ಲಿ ಏನೋ ಹುರಿಯುವಂಥ ಸದ್ದು ಸದಾ ಹಿಂದಿರುತ್ತಿತ್ತು. ಅದರ ನಡುವೆಯೇ ಸುತ್ತಿಗೆಯ ಪೆಟ್ಟು, ಹಕ್ಕಿಯ ಕೂಗು, ಭಾಮೈದನ ಉಸಿರು, ಎಲ್ಲ ಬರುತ್ತಿದ್ದವು; ಕಸಕಡ್ಡಿಯನ್ನೂ ಹೊತ್ತು ತರುವ ಹೊಳೆಯ ಹಾಗೆ.

ಆ ಸೋಮವಾರ ಹೊಸ ಡಿಜಿಟಲ್ ಸೆಟ್ಟುಗಳು ಬಂದವು. ಅಂಗೈಯಗಲ, ಹಗುರ. ರೇಡಿಯೋ ಕಂಪನಿಯ ಹುಡುಗಿ ಒಬ್ಬೊಬ್ಬರ ಕೈಗೂ ಕೊಟ್ಟು, “ಬಟನ್ ಒತ್ತಿ, ಪೀಂ ಅನ್ನೋ ತನಕ ತಡೀರಿ, ಆಮೇಲೆ ಮಾತಾಡಿ” ಎಂದು ಕಲಿಸಿದಳು. ಹಳೆಯವನ್ನು ಅದೇ ದಿನ ಲಾರಿಗೆ ಹಾಕಿ ಕಳಿಸಿದರು.

ಭಾವ ಕ್ಯಾಬಿನ್ನಿನಲ್ಲಿ ಕೂತು ಬಟನ್ ಒತ್ತಿದ. ಗೇಟಿನವನ ದನಿ ಎಷ್ಟು ತಿಳಿಯಾಗಿ ಬಂತೆಂದರೆ, ಮಗ್ಗುಲಲ್ಲೇ ಕೂತು ಮಾತಾಡಿದ ಹಾಗೆ. ಹುರಿಯುವ ಸದ್ದಿಲ್ಲ, ಗಾಳಿಯಿಲ್ಲ.

“ಭಾವಾ, ಹೇಗಿದೆ?” ಭಾಮೈದ ಕೇಳಿದ.

“ನಿನ್ನ ದನಿ ಸ್ನಾನ ಮಾಡಿ ಬಂದ ಹಾಗಿದೆ ಕಣೋ.”

“ನಾನೂ ಮಾಡಿದೀನಿ ಇವತ್ತು!”

ಆ ನಗು ಮಧ್ಯಾಹ್ನದ ತನಕ ಮಾತ್ರ ಇತ್ತು. ಊಟವಾದ ಮೇಲೆ ಒಂದು ಪಂಪನ್ನು ಇಳಿಸಬೇಕಿತ್ತು. “ರೆಡಿ ಭಾವಾ, ಇಳಿಸಿ” ಎಂಬುದು ಮುತ್ತಿನ ಹಾಗೆ ಬಂತು. ಹಿಂದೆಯೇ ‘ಊಂ’ ಬಂತು. ಒಂದು ಕ್ಷಣ ಇತ್ತು, ಮಾಯವಾಯಿತು. ಭಾವ ತಕ್ಷಣ ನಿಲ್ಲಿಸಿದ.

“ಯಾಕೆ ನಿಲ್ಲಿಸಿದ್ರಿ?”

“ನೀನು ಯಾಕೆ ನಿಲ್ಲಿಸ್ದೆ?”

“ನಾನೆಲ್ಲಿ ನಿಲ್ಲಿಸ್ದೆ? ಎಳೀತಾನೇ ಇದೀನಲ್ಲ!”

ಮತ್ತೆ ಒಂದು ಕ್ಷಣ ‘ಊಂ’, ಮತ್ತೆ ಮೌನ. ಪಂಪು ಆಗಷ್ಟೇ ನಡೆಯಲು ಕಲಿತ ಕೂಸು ಮೆಟ್ಟಿಲಿಳಿಯುವ ಹಾಗೆ ದಡಕ್ ದಡಕ್ ಎಂದು ಇಳಿಯಿತು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕೆಳಗೆ ನಿಂತು ನೋಡುತ್ತಿದ್ದವನು ಸೂಪರ್‌ವೈಸರ್. ಮಾತಿಗೊಮ್ಮೆ ಕೈಗಡಿಯಾರ ನೋಡುವುದರಿಂದ ಅವನಿಗೆ ಗಡಿಯಾರ ಸಾರ್ ಎಂದೇ ಹೆಸರು. ಭಾವ ಇಳಿದು ಬಂದ ಮೇಲೆ ಅವನು ಎರಡೂ ಸೆಟ್ಟನ್ನು ಇಸಿದುಕೊಂಡು ‘ಹಲೋ ಹಲೋ’ ಎಂದು ನೋಡಿದ. ಎರಡೂ ಚೆನ್ನಾಗಿಯೇ ಇದ್ದವು.

“ಸೆಟ್ಟು ಸರಿಯಾಗಿದೆ. ಅವನ ಗಂಟಲೂ ಸರಿಯಾಗಿದೆ, ಇಲ್ಲೇ ನಿಂತು ನಾನೇ ಕೇಳಿದೆ” ಎಂದ ಭಾವನ ಕಡೆ ತಿರುಗಿ. “ಇನ್ನು ಉಳಿದಿದ್ದು ನಿಮ್ಮ ಕಿವಿ. ಶುಕ್ರವಾರ ಫೆರ್ರಿಯ ಇಂಜಿನ್ ಇಳಿಸ್ಬೇಕು. ಹನ್ನೊಂದು ಟನ್ನು, ಅಕ್ಕಪಕ್ಕ ಎರಡೆರಡು ಬೆರಳು ಜಾಗ. ಕಿವಿ ತೋರಿಸ್ಕೊಂಡು ಬನ್ನಿ. ಗುರುವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಹೊರಗಿನ ಆಪರೇಟರ್ ಬರ್ತಾನೆ, ಕ್ರೇನು ಅವನಿಗೇ. ಬೇಜಾರು ಮಾಡ್ಕೋಬೇಡಿ, ನಿಮಗೆ ಗೇಟಲ್ಲಿ ಒಂದು ಕುರ್ಚಿ ಹಾಕಿಸ್ತೀನಿ. ಫ್ಯಾನೂ ಇದೆ.”

ಆ ‘ಫ್ಯಾನೂ ಇದೆ’ ಎಂಬ ಮಾತೇ ಭಾವನ ಎದೆಗೆ ನಾಟಿತು. ಕ್ರೇನು ಹೋದರೆ ಹೋಗಲಿ ಎನ್ನಬಹುದೇನೋ. ಕಿವಿ? ಅಜ್ಜ ಪದ್ಯದ ನಡುವೆ ಉಸಿರು ತೆಗೆದುಕೊಂಡದ್ದೂ ಇವತ್ತಿಗೂ ಕೇಳಿಸುವ ಕಿವಿ ಅದು. ದೇವರು ತನಗೆ ಕೊಟ್ಟ ಆಸ್ತಿಯೆಂದರೆ ಈ ಎರಡು ಕಿವಿಯೇ ಎಂದು ಅವನು ನಂಬಿದ್ದ.

ಮರುದಿನ ಬೆಳಗ್ಗೆ ಕಿವಿಯ ಡಾಕ್ಟರು ಅವನನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಭಾವ ಮನಸ್ಸಿನಲ್ಲೇ ದೇವರನ್ನು ನೆನೆದು ಒತ್ತಿದ, ಒತ್ತಿದ, ಒತ್ತುತ್ತಲೇ ಇದ್ದ. ಡಾಕ್ಟರು ಕಾಗದ ನೋಡಿ ಕನ್ನಡಕ ಏರಿಸಿದರು.

“ಇದು ಹದಿನೈದು ವರ್ಷದವರ ಕಿವಿ ಕಣ್ರೀ! ಸೊಳ್ಳೆ ಮನಸ್ಸಲ್ಲಿ ಅಂದ್ಕೊಂಡಿದ್ದೂ ನಿಮಗೆ ಕೇಳ್ಸತ್ತೆ.”

ಭಾವ ಆನಂದದಿಂದ ಹೊರಗೆ ಬಂದ. ಬೀದಿಯ ತಿರುವು ಬರುವಷ್ಟರಲ್ಲಿ ಆನಂದ ಸಿಟ್ಟಾಗಿತ್ತು. ಕಿವಿ ಸರಿಯಿದ್ದರೆ ಭಾಮೈದನೇ ಆಟ ಕಟ್ಟುತ್ತಿದ್ದಾನೆ ಎಂದಾಯಿತಲ್ಲ!

ಸಂಜೆ ಮನೆಯಲ್ಲಿ ಜಗಳ ಶುರುವಾಯಿತು. ಭಾಮೈದನ ಮನೆ ಪಕ್ಕದ್ದೇ. ಹೊಸ ಸೆಟ್ಟು ಹಿಡಿದು ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತ.

“ಎಳೆದಿದ್ದೀಯಾ ನೀನು? ಎದೆ ಮುಟ್ಟಿ ಹೇಳು” ಎಂದ ಭಾವ.

“ಎಳೆದೂ ಎಳೆದೂ ಕತ್ತಿನ ನರ ಉಬ್ಬಿದೆ, ನೋಡಿ! ಹದಿನಾಲ್ಕು ವರ್ಷ ನಿಮ್ಮ ಕೊಕ್ಕೆ ಕೆಳಗೆ ತಲೆ ಕೊಟ್ಟು ನಿಂತಿದೀನಿ ಭಾವಾ, ಇವತ್ತು ಸುಳ್ಳುಗಾರ ಅಂತೀರಾ?”

“ನೀನು ಎಳೆದಿದ್ರೆ ನನಗೆ ಕೇಳ್ತಿತ್ತು. ಡಾಕ್ಟರ ಕಾಗದ ಇದೆ ನನ್ನ ಹತ್ರ.”

“ನನ್ನ ಗಂಟಲಿಗೂ ಒಂದು ಕಾಗದ ಮಾಡಿಸ್ತೀನಿ ಬಿಡಿ!”

ಮಿಕ್ಸಿಯ ಮುಚ್ಚಳ ಹಿಡಿದು ನಿಂತಿದ್ದ ಹೆಂಡತಿ ಅದನ್ನು ಕಟ್ಟೆಯ ಮೇಲೆ ಕುಕ್ಕಿದಳು. “ಸಾಕು ನಿಲ್ಲಿಸಿ ಇಬ್ಬರೂ. ರೀ, ನಿಮ್ಮ ಸೆಟ್ಟು ತಗೊಂಡು ಮಹಡಿ ಮೇಲೆ ಹೋಗಿ. ಲೋ, ನೀನಿಲ್ಲಿ ಬಾ, ನನ್ನ ಕಣ್ಣೆದುರು ಎಳಿ.”

ಭಾಮೈದ ಕಣ್ಣೆದುರೇ ಎಳೆದ. ಅಡುಗೆಮನೆಯ ತಟ್ಟೆಗಳು ಅದುರಿದವು. ಮಹಡಿಯಿಂದ ಭಾವ ಕೂಗಿದ: “ಏನೂ ಇಲ್ಲ!” ಅವಳು ಮೇಲೆ ಹೋಗಿ ತಾನೇ ಸೆಟ್ಟನ್ನು ಕಿವಿಗಿಟ್ಟುಕೊಂಡಳು. ಒಂದು ಕ್ಷಣ ‘ಊಂ’, ಆಮೇಲೆ ಮೌನ. “ಹಾಗಾದ್ರೆ ನನ್ನ ತಮ್ಮನೂ ಸುಳ್ಳಲ್ಲ, ನನ್ನ ಗಂಡನೂ ಸುಳ್ಳಲ್ಲ” ಎಂದಳು. ಕೆಳಗಿಳಿದು ಬಂದವಳಿಗೆ ಇವರಿಬ್ಬರ ವ್ಯಾಜ್ಯದಲ್ಲಿ ರುಬ್ಬುವ ಕೆಲಸ ನಿಂತುಹೋದದ್ದು ನೆನಪಾಗಿ ಮಿಕ್ಸಿ ಹಾಕಿದಳು. ಅದರ ಮೊರೆತದ ನಡುವೆಯೇ ತಮ್ಮನ ಸೆಟ್ಟಿನ ಬಟನ್ ಒತ್ತಿ, “ರೀ, ಕೆಳಗೆ ಬನ್ನಿ” ಎಂದಳು.

“ಬಂದೆ. ಅಷ್ಟು ತಣ್ಣಗೆ ಯಾಕೆ ಕರೀತಿದೀಯ, ಸಿಟ್ಟು ಹೋಯ್ತಾ?”

“ತಣ್ಣಗಾ? ಮಿಕ್ಸಿ ಹಾಕಿ ಕಿರುಚ್ತಾ ಇದೀನಿ!”

“ಮಿಕ್ಸಿ ಎಲ್ಲಿ? ನಿನ್ನ ಮಾತೊಂದೇ ಕೇಳ್ತಿದೆ.”

ಅವಳು ಮಿಕ್ಸಿಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಮತ್ತೆ ಮಿಕ್ಸಿಯನ್ನು ನೋಡಿದಳು. ಆಮೇಲೆ ಕಟ್ಟೆ ಹಿಡಿದುಕೊಂಡು ನಗತೊಡಗಿದಳು. “ಲೋ… ಈ ಸೆಟ್ಟಿಗೆ ಮಿಕ್ಸಿಯೂ ಒಂದೇ, ನೀನೂ ಒಂದೇ ಕಣೋ!”

ಭಾವ ಕೆಳಗಿಳಿದು ಬಂದಾಗ ಅಕ್ಕತಮ್ಮ ಇಬ್ಬರೂ ನೆಲದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ವಿಷಯ ತಿಳಿದು ಅವನೂ ಕೂತ. “ಹದಿನಾಲ್ಕು ವರ್ಷ ಒಂದು ಮಿಕ್ಸಿಯನ್ನ ನಂಬಿಕೊಂಡು ಟನ್‌ಗಟ್ಲೆ ಕಬ್ಬಿಣ ಇಳಿಸಿದೀನಲ್ಲೋ!” ಎಂದು ಭಾಮೈದನ ಹೆಗಲಿಗೆ ಗುದ್ದಿದ. ಅದೇ ಕ್ಷಮೆಯಾಯಿತು.

ಬುಧವಾರ ರೇಡಿಯೋ ಹುಡುಗಿ ಬಂದವಳು ಎಲ್ಲ ಕೇಳಿ ತಲೆಯಾಡಿಸಿದಳು. “ಹಳೇ ಸೆಟ್ಟು ಏನು ಬಂದ್ರೂ ಹಾಗೇ ಕಳಿಸ್ತಿತ್ತು ಅಂಕಲ್. ಇದು ದನೀನ ಅಂಕಿ ಮಾಡುತ್ತೆ, ಆ ಕಡೆ ಸೆಟ್ಟು ಅಂಕಿಯಿಂದ ಮತ್ತೆ ದನಿ ಕಟ್ಟುತ್ತೆ. ಅದಕ್ಕೇ ಅಷ್ಟು ತಿಳಿ. ಆದ್ರೆ ಅದಕ್ಕೆ ಗೊತ್ತಿರೋದು ಮನುಷ್ಯರ ಮಾತು ಮಾತ್ರ. ಒಂದೇ ಸಮ ಬರೋ ಸದ್ದನ್ನ ಮೋಟರು ಅಂದ್ಕೊಂಡು ಜಾಲಿಸಿ ಬಿಸಾಕುತ್ತೆ.”

“ಆ ಜರಡಿ ತೆಗೆಯೋಕೆ ಆಗಲ್ವಾ ತಾಯೀ?”

“ತೆಗೀಬಹುದು. ತೆಗೆದ್ರೂ ಅಂಕಿ ಮಾಡೋದು ಮಾತಿನ ಅಚ್ಚಲ್ಲೇ. ಅವರ ಊಂಕಾರ ಏರಿದ್ದು ಇಳಿದಿದ್ದು ಸರಿಯಾಗಿ ಬರಲ್ಲ. ಮಾತಾಡಿ ಅಂಕಲ್, ಮಾತಿಗೆ ಇದರಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ.”

ಮಾತಾಡಿ ನೋಡಿದರು. ಒಂದು ಖಾಲಿ ಡ್ರಮ್ಮನ್ನು ಕೊಕ್ಕೆಗೆ ಹಾಕಿ, ಭಾಮೈದ ‘ಇಳಿಸಿ ಇಳಿಸಿ ಇಳಿಸಿ’ ಎಂದ. ತಿಳಿಯಾಗಿ ಬಂತು. ‘ನಿಲ್ಸಿ’ ಎಂದ. ಅದೂ ತಿಳಿಯಾಗಿಯೇ ಬಂತು, ಆದರೆ ಅರೆಕ್ಷಣ ತಡವಾಗಿ. ದನಿಯನ್ನು ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಅಷ್ಟು ಹೊತ್ತು ಬೇಕಲ್ಲ. ಡ್ರಮ್ಮು ಎರಡು ಬೆರಳು ಹೆಚ್ಚು ಇಳಿದು ನೆಲಕ್ಕೆ ಗುದ್ದಿತು. ಹತ್ತು ಸಲ ಮಾಡಿದರೂ ಅಷ್ಟೇ. ಹಳೆಯ ಎಳೆಯಲ್ಲಿ ನಿಲ್ಲುವ ಮೊದಲೇ ಶ್ರುತಿ ತಗ್ಗಿ ಹೇಳಿಬಿಡುತ್ತಿತ್ತು; ಇಲ್ಲಿ ಮಾತು ಇದ್ದಷ್ಟು ಹೊತ್ತು ಇರುತ್ತದೆ, ಇಲ್ಲವಾದಾಗ ಇಲ್ಲ. ಎರಡು ಬೆರಳು ಹೆಚ್ಚಾದರೆ ಹನ್ನೊಂದು ಟನ್ನಿನ ಇಂಜಿನ್ನು ತನ್ನ ಪೀಠವನ್ನೇ ಒಡೆದುಹಾಕೀತು. ಗಡಿಯಾರ ಸಾರ್ ಗಡಿಯಾರ ನೋಡಿ, ಹೊರಗಿನ ಆಪರೇಟರಿಗೆ ಫೋನು ಮಾಡಲು ಒಳಗೆ ಹೋದ.

ಗುರುವಾರ ಬೆಳಗ್ಗೆ ಭಾವ ಮೆಟ್ಟಿಲು ಹತ್ತುತ್ತಿದ್ದ. ಇವತ್ತೊಂದು ದಿನವಾದರೂ ಸರಿಯಾಗಿ ಹೇಳಿಕೊಂಡು ಹತ್ತೋಣವೆಂದು ಅಜ್ಜನ ರಾಗದಲ್ಲೇ ಎತ್ತಿಕೊಂಡಿದ್ದ. ತೊಂಬತ್ತೆರಡನೆಯ ಮೆಟ್ಟಿಲಿನಲ್ಲಿ ತನ್ನ ಕಾಲು ತಾನಾಗಿ ನಿಧಾನವಾದದ್ದು ಅವನ ಗಮನಕ್ಕೆ ಬಂತು. ಪದ್ಯ ಇನ್ನೂ ಮುಗಿದಿರಲಿಲ್ಲ. ಆದರೆ ಮುಗಿಯಲಿದೆ ಎಂದು ಕಾಲಿಗೆ ಗೊತ್ತಾಗಿತ್ತು.

ಅವನು ಕಂಬಿ ಹಿಡಿದು ಅಲ್ಲೇ ನಿಂತ. ಅಜ್ಜ ಓದುವಾಗ ಸಾಲಿನ ಕೊನೆಯ ತುಂಡು ಬರುವ ಮೊದಲೇ ತಾವು ಮಕ್ಕಳೆಲ್ಲ ತಲೆದೂಗಲು ಸಿದ್ಧರಾಗಿರುತ್ತಿದ್ದುದು ನೆನಪಾಯಿತು. ಯಾರೂ ‘ಈಗ ನಿಲ್ಲುತ್ತದೆ’ ಎಂದು ಹೇಳುತ್ತಿರಲಿಲ್ಲ. ಲಯವೇ ಹೇಳುತ್ತಿತ್ತು.

ಕ್ಯಾಬಿನ್ನಿನಲ್ಲಿ ಕೂರದೆಯೇ ತೊಂಬತ್ತೆರಡು ಮೆಟ್ಟಿಲನ್ನೂ ಇಳಿದು ಬಂದ ಭಾವನನ್ನು ನೋಡಿ ಗೇಟಿನವನು ಗಾಬರಿಯಾದ. “ಏನ್ ಭಾವಾ, ಈಗ್ಲೇ ನನ್ನ ಕುರ್ಚಿಗೆ ಬಂದ್ಬಿಟ್ರಾ?”

“ನಿನ್ನ ಕುರ್ಚಿ ನಿನಗೇ ಇರ್ಲಿ ಮಾರಾಯ. ನನ್ನ ಭಾಮೈದ ಎಲ್ಲಿ?”

ಕೊಕ್ಕೆ ಇಳಿಸುವುದಕ್ಕೆ ಇನ್ನು ಪದ್ಯ ಹೇಳಬೇಕೆಂದು ಕೇಳಿ ಭಾಮೈದ ಹಿಂದಕ್ಕೆ ಸರಿದ. “ನನ್ನ ಬಾಯಲ್ಲಿ ಪದ್ಯಾನಾ? ಸ್ಕೂಲಲ್ಲಿ ನಾಲ್ಕು ಸಾಲು ಒಪ್ಪಿಸಕ್ಕಾಗ್ದೆ ಬೆಂಚಿನ ಮೇಲೆ ನಿಂತೋನು ನಾನು.”

“ಈಗ ಇಂಜಿನ್ ರೂಮಲ್ಲಿ ನಿಂತ್ಕೊಂಡು ಒಪ್ಪಿಸು. ನಾಲ್ಕೇ ಸಾಲು. ಸಾಲಿಗೆ ನಾಲ್ಕು ತುಂಡು, ತುಂಡಿಗೆ ಒಂದು ಬೆರಳು. ಹದಿನಾರು ಬೆರಳು ಉಳಿದಾಗ ಶುರು ಮಾಡು, ಪದ್ಯ ಮುಗಿದಾಗ ಇಂಜಿನ್ ಕೂತಿರುತ್ತೆ. ಪ್ರತಿ ಸಾಲಿನ ಕೊನೇ ತುಂಡು ಮೋಟು, ಅಲ್ಲಿ ನನ್ನ ಕೈ ತಾನೇ ಹಗುರಾಗುತ್ತೆ. ನೀನು ನಿಲ್ಸಿ ಅನ್ನೋದೇ ಬೇಡ.”

ಅಲ್ಲೇ ಒಂದು ಸಿಮೆಂಟು ಚೀಲದ ಹಿಂಬದಿಯಲ್ಲಿ ಭಾವ ಪದ್ಯ ಕಟ್ಟಿದ. ಇಡೀ ದಿನ ಖಾಲಿ ಡ್ರಮ್ಮು ಏರಿತು, ಇಳಿಯಿತು. ಭಾಮೈದ ಮೊದಮೊದಲು ತಡವರಿಸಿದ, ಎರಡನೆಯ ಸಾಲನ್ನು ಮೊದಲಿಗೆ ತಂದ, ಒಮ್ಮೆ ನಗು ತಡೆಯಲಾಗದೆ ಡ್ರಮ್ಮನ್ನು ಗಾಳಿಯಲ್ಲೇ ತೂಗುಬಿಟ್ಟ. ಸಂಜೆಯ ಹೊತ್ತಿಗೆ ಡ್ರಮ್ಮಿನ ಕೆಳಗಿಟ್ಟ ಕೋಳಿಮೊಟ್ಟೆ ಒಡೆಯದೆ ಉಳಿಯಿತು. ಗಡಿಯಾರ ಸಾರ್ ಆ ಮೊಟ್ಟೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, “ನಾಳೆ ಹತ್ತು ಗಂಟೆಗೆ. ಹೊರಗಿನವನು ಪಕ್ಕದಲ್ಲಿ ನಿಂತಿರ್ತಾನೆ” ಎಂದ.

ಶುಕ್ರವಾರ ಹತ್ತು ಗಂಟೆಗೆ ಇಂಜಿನ್ನು ಕಿಂಡಿ ದಾಟಿತು. ಹಗ್ಗ ಬಿಟ್ಟು ಬೇರೇನೂ ಕಾಣದಾಯಿತು. ಫೆರ್ರಿಯ ಮೇಲೆ ಗಡಿಯಾರ ಸಾರ್, ಅವನ ಪಕ್ಕದಲ್ಲಿ ಹೊರಗಿನ ಆಪರೇಟರು ಕೈಕಟ್ಟಿ ನಿಂತಿದ್ದರು. ಭಾವ ಸನ್ನೆಗೋಲಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.

“ಹದಿನಾರು ಬೆರಳು ಭಾವಾ. ಎತ್ಕೊಳ್ಲಾ?”

“ದೇವರ ಹೆಸರಲ್ಲಿ ಎತ್ಕೋ.”

“*ಇಳಿಯಮ್ಮ ಇಳಿಯಮ್ಮ ಬಲುಭಾರದವಳೇ…*”

ಹಳೆಯ ಸೆಟ್ಟಾಗಿದ್ದರೆ ಅಷ್ಟು ಉಕ್ಕಿನ ಒಳಗಿಂದ ಅರ್ಧ ಹುರಿದೇ ಬರುತ್ತಿತ್ತು. ಈಗ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಬಂತು. ಭಾವನ ಕೈ ಒಂದೊಂದು ತುಂಡಿಗೆ ಒಂದೊಂದು ಬೆರಳು ಬಿಟ್ಟಿತು. ಸಾಲಿನ ಕೊನೆಗೆ ತಾನೇ ಹಗುರಾಯಿತು.

“*ತೊಟ್ಟಿಲಲಿ ಮಗುವಿಡುವ ಹಾಗಿಳಿದು ಬಾರೇ…*”

ಎಂಟು ಬೆರಳು.

“*ಎಡಕೆರಡು…*”

ಅಲ್ಲಿಗೆ ದನಿ ಕಡಿದುಹೋಯಿತು. ಮುನ್ಸೂಚನೆಯಿಲ್ಲ, ಹುರಿಯುವ ಸದ್ದಿಲ್ಲ, ಇದ್ದದ್ದು ಇಲ್ಲವಾಯಿತು. ಭಾವನ ಕೈ ಅದೇ ಗಳಿಗೆಗೆ ನಿಂತಿತು. ಅವನು ಯೋಚಿಸಿರಲಿಲ್ಲ, ಕಿವಿಯೇ ನಿಲ್ಲಿಸಿತ್ತು: ಪದ್ಯ ಎಲ್ಲಿ ಬೇಕಾದರೂ ನಿಲ್ಲಬಹುದು, ಅಲ್ಲಿ ಮಾತ್ರ ನಿಲ್ಲುವಂತಿಲ್ಲ.

“ಯಾಕೆ ನಿಲ್ಲಿಸಿದ್ರಿ?” ಗಡಿಯಾರ ಸಾರ್ ಸೆಟ್ಟಿನಲ್ಲಿ ಕೇಳಿದ. ಹನ್ನೊಂದು ಟನ್ನು ದೋಣಿಯ ಹೊಟ್ಟೆಯಲ್ಲಿ ತೂಗುತ್ತಿತ್ತು. ಆಮೇಲೆ, ಏನೂ ಆಗಿಲ್ಲವೆಂಬಂತೆ, ಭಾಮೈದನ ದನಿ ಬಂತು: “*…ದಾರಿ.*”

“ಎರಡು ತುಂಡು ನುಂಗಿತು ಕಣೋ. ನಾನು ಎಡಕೆರಡರಲ್ಲೇ ನಿಂತಿದೀನಿ. ನೀನೆಲ್ಲಿ ಹೋಗಿದ್ದೆ?”

“ಬೋಲ್ಟಿನ ತೂತು ನೋಡೋಣ ಅಂತ ಇಂಜಿನ್ ಹಿಂದಕ್ಕೆ ಬಗ್ಗಿದ್ದೆ ಭಾವಾ. ಸೆಟ್ಟೂ ನನ್ನ ಜೊತೆ ಕಬ್ಬಿಣದ ಮರೆಗೆ ಬಂತು. ತಪ್ಪಾಯ್ತು. ಇಲ್ಲಿ ನಿಜಕ್ಕೂ ಏಳು ಬೆರಳೇ ಉಳಿದಿರೋದು, ಅಳೆದೆ!”

“ನನ್ನ ಲೆಕ್ಕಾನೂ ಏಳೇ. ಬಲಕೆರಡರಿಂದ ಎತ್ಕೋ. ಬಗ್ಗಬೇಡ.”

‘ಇಳಿಸಿ ಇಳಿಸಿ’ ಎಂದಿದ್ದರೆ ಎಷ್ಟು ಇಳಿಸಿ ಕಳೆದುಹೋದವೆಂದು ಯಾರಿಗೆ ಗೊತ್ತಾಗುತ್ತಿತ್ತು? ಫೆರ್ರಿಯ ಮೇಲೆ ನಿಂತಿದ್ದ ಹೊರಗಿನ ಆಪರೇಟರು ಕಟ್ಟಿದ ಕೈ ಬಿಚ್ಚಿ, ಸೆಟ್ಟನ್ನು ಕಿವಿಗೆ ಹತ್ತಿರ ಹಿಡಿದ.

“*ಬಲಕೆರಡು ಬೆರಳಿನಾ ದಾರಿ…*”

ನಾಲ್ಕು ಬೆರಳು. ಭಾಮೈದನ ದನಿ ಈಗ ಹೆದರಿದ ದನಿಯಾಗಿರಲಿಲ್ಲ. ಮಗುವನ್ನು ಮಲಗಿಸುವವನ ದನಿ.

“*ಕೂರಮ್ಮ ಕೂರಮ್ಮ ನಿನಗುಂಟು ಪೀಠ.*”

‘ಪೀಠ’ ಎಂಬುದು ಕಿವಿಗೆ ಬೀಳುವ ಮೊದಲೇ ಭಾವನ ಕೈ ನಿಂತಿತ್ತು. ಹಗ್ಗ ಒಂದಿಷ್ಟು ಸಡಿಲವಾಯಿತು. ಗುದ್ದಿದ ಸದ್ದಿಲ್ಲ, ನಡುಕವಿಲ್ಲ.

“ಭಾವಾ…” ಭಾಮೈದ ಪಿಸುಗುಟ್ಟಿದ. “ನಾಲ್ಕೂ ಬೋಲ್ಟಿನ ತೂತಲ್ಲಿ ಟಾರ್ಚಿನ ಬೆಳಕು ಆಚೆಗೆ ಬರ್ತಿದೆ. ನಾಲ್ಕೂ!”

ಯಾರ್ಡಿನ ಅಷ್ಟೂ ಸೆಟ್ಟುಗಳಲ್ಲಿ ಒಟ್ಟಿಗೆ ಗಲಾಟೆಯೆದ್ದಿತು. ವೆಲ್ಡಿಂಗಿನವರು ಕಬ್ಬಿಣ ಬಡಿದರು. ಅದು ಮಾತ್ರ ಯಾರ ಸೆಟ್ಟಿಗೂ ಬರಲಿಲ್ಲ, ಕಿಟಕಿಯಿಂದ ಬಂತು. ಹೊರಗಿನ ಆಪರೇಟರು ಕೇಳಿದ: “ಭಾವ ಅವರೇ, ಆ ಪದ್ಯ ನನಗೂ ಬರ್ಕೊಡ್ತೀರಾ?” ಅವನೂ ಭಾವ ಎಂದದ್ದು ಕೇಳಿ ಭಾವನಿಗೆ ಇನ್ನೊಬ್ಬ ಅಕ್ಕನ ಲೆಕ್ಕ ಹೆಚ್ಚಾಯಿತು.

ಗಡಿಯಾರ ಸಾರ್ ಮಾತ್ರ ಕಿಂಡಿಯೊಳಗೆ ಇಣುಕುತ್ತ ನಿಂತಿದ್ದ. ಎಷ್ಟು ಹೊತ್ತಾಯಿತೆಂದು ಯಾರೋ ಕೇಳಿದಾಗ, “ಗೊತ್ತಿಲ್ಲ, ನೋಡ್ಲಿಲ್ಲ” ಎಂದ. ಆಮೇಲೆ ಸೆಟ್ಟಿನ ಬಟನ್ ಒತ್ತಿ, ಪೀಂ ಎನ್ನುವ ತನಕ ತಡೆದು, “ಸೋಮವಾರ ಎರಡನೇ ಇಂಜಿನ್ ಇದೆ. ಇಬ್ಬರೂ ಬೇಗ ಬನ್ನಿ” ಎಂದ. ಕುರ್ಚಿಯ ಮಾತು, ಫ್ಯಾನಿನ ಮಾತು ಬರಲೇ ಇಲ್ಲ.

ಎಲ್ಲ ಸದ್ದಡಗಿದ ಮೇಲೆ ಭಾವ ಕ್ಯಾಬಿನ್ನಿನ ಕಿಟಕಿಯಿಂದ ಕೆಳಗೆ ನೋಡಿದ. ಭಾಮೈದ ಕಿಂಡಿಯಿಂದ ಮೇಲೆ ಬಂದು, ಮೈಯೆಲ್ಲ ಗ್ರೀಸಾಗಿ, ಎರಡು ಕಾಲಗಲಿಸಿ ನಿಂತಿದ್ದ. ಸೆಟ್ಟು ಬಾಯಿಯ ಹತ್ತಿರವಿತ್ತು. ತುಟಿ ಮುಚ್ಚಿತ್ತು. ಕತ್ತು ಕೆಂಪೇರಿ ಉಬ್ಬಿತ್ತು. ಅಕ್ಕಪಕ್ಕದವರು ನಗುತ್ತ ಕಿವಿ ಮುಚ್ಚಿಕೊಂಡಿದ್ದರು. ಭಾವನ ಸೆಟ್ಟಿನಲ್ಲಿ ಒಂದು ಕ್ಷಣ ‘ಊಂ’, ಆಮೇಲೆ ಏನೇನೂ ಇಲ್ಲ.

ಆದರೂ ಡಾಕ್ಟರು ಹೇಳಿದ ಆ ಹದಿನೈದರ ಕಿವಿಗೆ ಅದು ಪೂರ್ತಿ ಕೇಳಿಸಿತು. ಅವನು ಬಟನ್ ಒತ್ತಿ, ಪೀಂ ಎನ್ನುವ ತನಕ ತಡೆದು, ತುಟಿ ಮುಚ್ಚಿ ತಾನೂ ಎಳೆದ.